ಎಂಜಿನ್ ಕೂರಿಸಿದ ಮೇಲೆ ಜೀಪಿನಲ್ಲಿ ಒಂದು ಲೈಟೂ ಬರುತ್ತಿಲ್ಲ, ಸೆಲ್ಫ್ ಮೋಟರಿನ ವೈರು ತಪ್ಪಿರಬಹುದಾ?

ಹೊಸನಗರದ ಜೀಪು | ಶನಿವಾರ, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಓದುತ್ತಾ ಇದ್ದೆ, ಬರೆಯುವುದು ಇದೇ ಮೊದಲು.

ನಮ್ಮ ಮನೆ ಟಾರು ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ. ನಡುವೆ ಎರಡು ಹಳ್ಳ. ಮಳೆಗಾಲದಲ್ಲಿ ಹೋಗುವುದು ಬರುವುದು ಎಲ್ಲಾ ಅಜ್ಜಯ್ಯ ತಂದ ಮಹೀಂದ್ರ 540 ಡೀಸೆಲ್ ಜೀಪಿನಲ್ಲೇ. ಏಪ್ರಿಲ್‌ನಲ್ಲಿ ಹೊಗೆ ಜಾಸ್ತಿಯಾಯಿತು, ಆಯಿಲ್ ಕುಡಿಯುವುದಕ್ಕೆ ಶುರು ಮಾಡಿತು. ಚಿಕ್ಕಪ್ಪ ಎಂಜಿನ್ ಇಳಿಸಿ ರಿಂಗು, ಬೇರಿಂಗು ಎಲ್ಲಾ ಹೊಸದು ಹಾಕಿದರು. ಇಳಿಸಿದ್ದೇ ಆಯಿತಲ್ಲ ಅಂತ ಚಾಸಿಯ ತುಕ್ಕು ಕೆರೆದು ಕಪ್ಪು ಬಣ್ಣ ಹೊಡೆದೆವು. ಸೆಲ್ಫ್ ಮೋಟರಿಗೆ ಕಾರ್ಬನ್ ಬ್ರಷ್ಷು, ಬುಶ್ಶು ಹಾಕಿಸಿದೆವು. ಈಗ ಪುನರ್ವಸು ಮಳೆ ಹಿಡಿದಿದೆ. ಚಿಕ್ಕಪ್ಪ ಬೆಂಗಳೂರಿಗೆ ವಾಪಸು ಹೋದರು. ವೈರಿಂಗ್ ನನ್ನ ಪಾಲಿಗೆ ಬಂದಿದೆ.

ಬಿಚ್ಚುವಾಗ ಒಂದು ಫೋಟೋ ತೆಗೆದಿದ್ದೆ, ಆದರೆ ಅದು ಮೋಟರನ್ನು ಬೆಂಚಿನ ಮೇಲೆ ತಿರುಗಾಮುರುಗ ಇಟ್ಟಾಗ ತೆಗೆದದ್ದು. ಅದನ್ನೇ ನೋಡಿ ಎಲ್ಲಾ ವೈರು ಹಾಕಿ ಇವತ್ತು ಬ್ಯಾಟರಿ ಜೋಡಿಸಿದೆ. ಕೀ ಹಾಕಿದರೆ ಏನೂ ಇಲ್ಲ. ಡ್ಯಾಶ್‌ಬೋರ್ಡಿನ ಕೆಂಪು ಲೈಟು ಇಲ್ಲ, ಹಾರನ್ ಇಲ್ಲ, ಹೆಡ್‌ಲೈಟೂ ಇಲ್ಲ. ಸೆಲ್ಫ್ ಹೊಡೆದರೆ ಟಿಕ್ ಅಂತಲೂ ಸದ್ದಿಲ್ಲ. ಬ್ಯಾಟರಿ 12.6 ವೋಲ್ಟ್ ತೋರಿಸುತ್ತಿದೆ.

ಸೋಮವಾರ ಅಜ್ಜಿಯನ್ನು ಶಿವಮೊಗ್ಗಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಅಷ್ಟರೊಳಗೆ ಜೀಪು ಏಳಬೇಕು. ಎಲ್ಲಿಂದ ನೋಡಲಿ?

ಬೈಪಾಸ್ ರೋಡ್ | ಶನಿವಾರ, ರಾತ್ರಿ 8:52

ಬ್ಯಾಟರಿ ಎಷ್ಟು ವರ್ಷದ್ದು? ಲೋಡ್ ಇಲ್ಲದೆ 12.6 ತೋರಿಸಿ, ಲೋಡ್ ಕೊಟ್ಟ ತಕ್ಷಣ ಕುಸಿಯುವ ಬ್ಯಾಟರಿ ಬೇಕಾದಷ್ಟು ನೋಡಿದ್ದೇನೆ. ಇಲ್ಲದಿದ್ದರೆ ಬ್ರಷ್ ಹಾಕಿದವರು ಮೋಟರ್ ಒಳಗೆ ಏನೋ ತಪ್ಪು ಮಾಡಿರುತ್ತಾರೆ. ಬೇರೆ ಸೆಲ್ಫ್ ಮೋಟರ್ ತಂದು ಹಾಕಿ ನೋಡುವುದು ಒಳ್ಳೆಯದು.

ಕೊಪ್ಪದ 800 | ಶನಿವಾರ, ರಾತ್ರಿ 9:05

ಮೋಟರ್ ಹಾಳಾದರೆ ಹೆಡ್‌ಲೈಟು ಯಾಕೆ ಹೋಗಬೇಕು? ಮೊದಲೇ ಹೊಸದಕ್ಕೆ ದುಡ್ಡು ಹಾಕಬೇಡಿ.

ನನ್ನ ಮಾರುತಿ 800ರಲ್ಲಿ ಆದದ್ದನ್ನು ಹೇಳುತ್ತೇನೆ. ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿ ವಾಪಸು ಹಾಕುವಾಗ ಬ್ಯಾಟರಿ ಕೇಬಲನ್ನು ಸೊಲೆನಾಯ್ಡಿನ, ಅಂದರೆ ಸೆಲ್ಫ್ ಮೋಟರಿನ ಮೇಲೆ ಕೂತಿರುವ ದೊಡ್ಡ ಸ್ವಿಚ್ಚಿನ, ಬೇರೆ ಬೋಲ್ಟಿಗೆ ಹಾಕಿಬಿಟ್ಟಿದ್ದೆ. ನೆಗೆಟಿವ್ ಕ್ಲಾಂಪನ್ನು ಬ್ಯಾಟರಿಗೆ ಮುಟ್ಟಿಸಿದ್ದೇ ತಡ, ದೊಡ್ಡ ಕಿಡಿ, ಮೋಟರ್ ಗುಂಯ್ ಅಂತ ತಿರುಗುವುದಕ್ಕೆ ಶುರು. ಕೀ ಜೇಬಿನಲ್ಲಿತ್ತು! ಎಂಜಿನ್ ತಿರುಗಲಿಲ್ಲ, ಬರೀ ಮೋಟರ್ ಖಾಲಿ ತಿರುಗಿತು. ಕ್ಲಾಂಪನ್ನು ಬಿಗಿ ಮಾಡಿರಲಿಲ್ಲ, ಹಾಗಾಗಿ ತಕ್ಷಣ ಎತ್ತಿದೆ. ಬಿಗಿ ಮಾಡಿದ್ದರೆ ಸ್ಪಾನರ್ ಹುಡುಕುವಷ್ಟರಲ್ಲಿ ಏನಾಗುತ್ತಿತ್ತೋ ಗೊತ್ತಿಲ್ಲ. ಅವತ್ತಿನಿಂದ ನೆಗೆಟಿವ್ ಯಾವಾಗಲೂ ಕೊನೆಗೆ, ಅದೂ ಮೊದಲು ಸುಮ್ನೆ ಮುಟ್ಟಿಸಿ ನೋಡಿ ಆಮೇಲೆ ಬಿಗಿ.

ನಿಮ್ಮದು ಹಾಗೆ ತಿರುಗಿಲ್ಲ ಅಂದಮೇಲೆ ದಪ್ಪ ಕೇಬಲ್ ಸರಿಯಾದ ಕಡೆಯೇ ಇದೆ ಅನಿಸುತ್ತದೆ.

ತೀರ್ಥಹಳ್ಳಿ ಅಕ್ಕ | ಶನಿವಾರ, ರಾತ್ರಿ 9:20

ತಮ್ಮಾ, ಮೂರು ವಿಷಯ ಬೇಕು. ಸೆಲ್ಫ್ ಮೋಟರಿನ ದಪ್ಪ ಬೋಲ್ಟಿನಲ್ಲಿ ಎಷ್ಟು ವೋಲ್ಟ್ ಬರುತ್ತಿದೆ? ಅಲ್ಲಿಗೆ ಒಟ್ಟು ಎಷ್ಟು ವೈರು ಬಂದಿವೆ, ಯಾವುದು ಎಲ್ಲಿಗೆ ಹೋಗಿದೆ? ಮೋಟರನ್ನು ನೇರ ಕೊಟ್ಟು ತಿರುಗಿಸಿ ನೋಡಿದ್ದೀಯಾ? ಇಲಿ ಕಡಿದಿದೆಯಾ ಅಂತಲೂ ನೋಡು. ನಮ್ಮ ಅಂಬಾಸಿಡರ್ ಎರಡು ತಿಂಗಳು ಕೊಟ್ಟಿಗೆಯ ಪಕ್ಕ ನಿಂತಿದ್ದಕ್ಕೆ ಹಾರ್ನೆಸ್ಸನ್ನೇ, ಅಂದರೆ ವೈರಿನ ಇಡೀ ಕಟ್ಟನ್ನೇ, ಗೂಡು ಮಾಡಿಕೊಂಡಿದ್ದವು.

ಹೊಸನಗರದ ಜೀಪು | ಶನಿವಾರ, ರಾತ್ರಿ 10:15

ಅಕ್ಕ, ಟಾರ್ಚ್ ಹಿಡಿದುಕೊಂಡು ಹೋಗಿ ನೋಡಿ ಬಂದೆ. ಇಲಿ ಕಡಿದಿಲ್ಲ.

ಬ್ಯಾಟರಿ ಕೇಬಲ್ ಬಂದ ಬೋಲ್ಟಿನಲ್ಲಿ 12.6 ಇದೆ. ವೈರು ಮೂರು. ಬ್ಯಾಟರಿಯಿಂದ ಬರುವ ದಪ್ಪ ಕೇಬಲ್ ಒಂದು, ಹಾರ್ನೆಸ್ಸಿನಿಂದ ಬರುವ, ತುದಿಯಲ್ಲಿ ಬೋಲ್ಟಿಗೆ ಹಾಕುವ ಬಳೆ (ರಿಂಗ್ ಲಗ್ಗು) ಇರುವ ಕಂದು ವೈರು ಒಂದು, ಕೀಯಿಂದ ಬರುವ ತೆಳು ವೈರು ಒಂದು. ತೆಳುವನ್ನು ಸಣ್ಣ ಟರ್ಮಿನಲಿಗೆ ಹಾಕಿದ್ದೇನೆ. ಉಳಿದ ಎರಡನ್ನು ದಪ್ಪ ಬೋಲ್ಟುಗಳಿಗೆ.

ಸ್ಕ್ರೂಡ್ರೈವರಿನಿಂದ ಬ್ಯಾಟರಿ ಬೋಲ್ಟನ್ನೂ ಸಣ್ಣ ಟರ್ಮಿನಲನ್ನೂ ಸೇರಿಸಿದೆ. ಎಂಜಿನ್ ತಿರುಗಿತು! ಸ್ವಲ್ಪ ನಿಧಾನ ಅನಿಸಿತು, ಹೊಸ ರಿಂಗು ಬಿಗಿ ಇರುವುದಕ್ಕೆ ಇರಬಹುದು. ಡೀಸೆಲ್ ಪೈಪ್ ಇನ್ನೂ ಜೋಡಿಸಿಲ್ಲ, ಹಾಗಾಗಿ ಹತ್ತುವ ಭಯ ಇರಲಿಲ್ಲ. ತಂಗಿ ಸೀಟಿನಲ್ಲಿ ಕೂತಿದ್ದಳು, ಕೀ ಆನ್ ಇತ್ತು. ಎಂಜಿನ್ ತಿರುಗುವಷ್ಟು ಹೊತ್ತು ಡ್ಯಾಶ್‌ಬೋರ್ಡಿನ ಕೆಂಪು ಲೈಟು ಮಂಕಾಗಿ ಬಂತು, ನಿಲ್ಲಿಸಿದ ಕೂಡಲೇ ಹೋಯಿತು ಅನ್ನುತ್ತಾಳೆ. ಅವಳು ಹೇಳಿದ್ದು ಸರಿಯಾ ಅಂತ ಇನ್ನೊಮ್ಮೆ ಮಾಡಿ ನೋಡಿದೆವು. ಸರಿ. ಕೀ ಸ್ವಿಚ್ಚು ಲೂಸ್ ಇದೆಯಾ ಹಾಗಾದರೆ?

ವೈರಿಂಗ್ ಮಾವ | ಶನಿವಾರ, ರಾತ್ರಿ 10:48

ತಮ್ಮಾ, ಉತ್ತರವನ್ನು ನಿನ್ನ ತಂಗಿ ಹೇಳಿಯಾಗಿದೆ. ಕೀ ಸರಿ ಇದೆ, ಬ್ಯಾಟರಿ ಸರಿ ಇದೆ. ಕಂದು ವೈರು ತಪ್ಪು ಬೋಲ್ಟಿನಲ್ಲಿ ಕೂತಿದೆ.

ಶಿವಮೊಗ್ಗದಲ್ಲಿ ಮೂವತ್ತು ವರ್ಷದಿಂದ ಗಾಡಿ ವೈರಿಂಗ್ ಮಾಡುತ್ತಾ ಇದ್ದೇನೆ. ಎಂಜಿನ್ ಇಳಿಸಿ ಹತ್ತಿಸಿದ ಗಾಡಿಗಳಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಎರಡು ದಪ್ಪ ವೈರು ಕಾಣುತ್ತದೆ, ಎರಡು ದಪ್ಪ ಬೋಲ್ಟು ಕಾಣುತ್ತದೆ. ಒಂದಕ್ಕೆ ಒಂದು ಹಾಕಬೇಕು ಅಂತ ಕೈ ತಾನೇ ಹೋಗುತ್ತದೆ. ಅದು ಹಾಗಲ್ಲ.

ಕೆರೆಯ ತೂಬು ನೋಡಿದ್ದೀಯಲ್ಲ. ತೂಬಿನ ಒಂದು ಕಡೆ ಕೆರೆ, ಯಾವಾಗಲೂ ನೀರು. ಇನ್ನೊಂದು ಕಡೆ ಕಾಲುವೆ, ತೂಬು ಎತ್ತಿದಾಗ ಮಾತ್ರ ನೀರು. ಸೊಲೆನಾಯ್ಡ್ ಅಂದರೆ ಆ ತೂಬು. ಬ್ಯಾಟರಿ ಕೇಬಲ್ ಬರುವ ಬೋಲ್ಟು ಕೆರೆಯ ಕಡೆ. ಅದರ ಮೇಲೆ 30 ಅಂತಲೋ ಬಿ ಅಂತಲೋ ಗುರುತು ಇರುತ್ತದೆ. ಇನ್ನೊಂದು ದಪ್ಪ ಬೋಲ್ಟಿನಿಂದ ತಾಮ್ರದ ಪಟ್ಟಿಯೋ ಜಡೆಯಂಥ ತಂತಿಯೋ ಮೋಟರಿನ ಹೊಟ್ಟೆಯೊಳಗೆ ಹೋಗಿರುತ್ತದೆ. ಅದು ಕಾಲುವೆಯ ಕಡೆ. ಆ ಬೋಲ್ಟಿಗೆ ಮೋಟರಿನದ್ದು ಬಿಟ್ಟು ಬೇರೆ ಯಾವ ವೈರಿಗೂ ಜಾಗ ಇಲ್ಲ. ಸಣ್ಣ ಟರ್ಮಿನಲ್, ಅಂದರೆ 50 ಅಥವಾ ಎಸ್, ತೂಬು ಎತ್ತುವ ಕೈ.

ನಿನ್ನ ಕಂದು ವೈರು ಇಡೀ ಜೀಪಿಗೆ ಕರೆಂಟು ಒಯ್ಯುವ ದಾರಿ. ಅದು ಸೆಲ್ಫ್ ಮೋಟರಿನಿಂದ ಹೊರಟು ಆಂಪ್ ಮೀಟರಿಗೆ ಹೋಗಿ, ಅಲ್ಲಿಂದ ಕೀ, ಲೈಟು, ಹಾರನ್ ಎಲ್ಲಕ್ಕೂ ಹಂಚುತ್ತದೆ. ಡೈನಮೋ ಮಾಡಿದ ಕರೆಂಟು ಬ್ಯಾಟರಿಗೆ ವಾಪಸು ಬರುವುದೂ ಇದೇ ದಾರಿಯಲ್ಲಿ. ಅದನ್ನು ನೀನು ಕಾಲುವೆಯ ಕಡೆ ಹಾಕಿದ್ದೀಯ. ಸ್ಕ್ರೂಡ್ರೈವರ್ ಇಟ್ಟು ತೂಬು ಎತ್ತಿದೆ, ಮೋಟರಿಗೂ ನೀರು ಬಂತು, ಡ್ಯಾಶ್‌ಬೋರ್ಡಿಗೂ ಬಂತು. ಬಿಟ್ಟೆ, ಎರಡೂ ಒಣಗಿತು. ಅದೇ ಆ ಕೆಂಪು ಲೈಟು. ಡೀಸೆಲ್ ಪೈಪ್ ಇದ್ದು ಎಂಜಿನ್ ಹತ್ತಿಬಿಟ್ಟಿದ್ದರೂ ಡೈನಮೋದ ಕರೆಂಟು ಬ್ಯಾಟರಿಗೆ ಹೋಗುವುದಕ್ಕೆ ದಾರಿಯೇ ಇರುತ್ತಿರಲಿಲ್ಲ.

ಕಂದು ವೈರನ್ನು ಬಿಚ್ಚಿ ಬ್ಯಾಟರಿ ಕೇಬಲ್ ಇರುವ ಬೋಲ್ಟಿಗೇ ಹಾಕು. ಎರಡೂ ಒಂದೇ ಬೋಲ್ಟು.

ಗುರುತು ಅಳಿಸಿಹೋಗಿ ಯಾವುದು ಯಾವುದು ಅಂತ ಸಂಶಯ ಬಂದರೆ ಕಣ್ಣನ್ನು ನಂಬಬೇಡ, ಮೀಟರ್ ಇಡು. ಬ್ಯಾಟರಿ ನೆಗೆಟಿವ್ ತೆಗೆದು, ಮೂರೂ ವೈರು ಬಿಚ್ಚಿ, ಮೀಟರನ್ನು ಬೀಪ್ ಮೋಡಿಗೆ ಹಾಕು. ಒಂದು ಕಡ್ಡಿ ಮೋಟರಿನ ಬಾಡಿಗೆ, ಇನ್ನೊಂದು ಬೋಲ್ಟಿಗೆ. ಬೀಪ್ ಅನ್ನುವ ದಪ್ಪ ಬೋಲ್ಟು ಮೋಟರಿನದು, ಯಾಕೆಂದರೆ ಕಾಯಿಲು, ಬ್ರಷ್ಷು, ಆರ್ಮೇಚರ್ ದಾಟಿ ಬಾಡಿಗೆ ಸೇರುವ ದಾರಿ ಇದೆ. ಸುಮ್ಮನೆ ಇರುವುದು ಬ್ಯಾಟರಿಯದು. ಸಣ್ಣ ಟರ್ಮಿನಲಿನಲ್ಲಿ ಒಂದು ಓಮ್ ಆಸುಪಾಸು ತೋರಿಸುತ್ತದೆ, ಅದು ಸೊಲೆನಾಯ್ಡ್ ಕಾಯಿಲು. ವೈರಿನ ಬಣ್ಣ ನೋಡಿ ತೀರ್ಮಾನ ಮಾಡಬೇಡ. ಮೂವತ್ತು ವರ್ಷದ ಗಾಡಿಯಲ್ಲಿ ಯಾರು ಯಾವ ಬಣ್ಣದ ತುಂಡು ಜೋಡಿಸಿದ್ದಾರೋ.

ಹಾಕುವಾಗ ಲಗ್ಗು ನೇರವಾಗಿ ತಾಮ್ರದ ನಟ್ಟಿಗೆ ಕೂರಬೇಕು. ಲಗ್ಗಿನ ಕೆಳಗೆ ಕಬ್ಬಿಣದ ವಾಷರ್ ಬೇಡ. ಸ್ಪ್ರಿಂಗ್ ವಾಷರ್ ಮೇಲೆ, ಅದರ ಮೇಲೆ ನಟ್ಟು. ಬ್ಯಾಟರಿಯ ದಪ್ಪ ಲಗ್ಗು ಮೊದಲು, ಕಂದು ವೈರಿನದು ಅದರ ಮೇಲೆ. ಬಿಗಿ ಮಾಡುವಾಗ ಕೆಳಗಿನ ನಟ್ಟನ್ನು ಇನ್ನೊಂದು ಸ್ಪಾನರಿನಿಂದ ಹಿಡಿದುಕೋ. ಹಿಡಿಯದೆ ತಿರುಗಿಸಿದರೆ ಬೋಲ್ಟೇ ತಿರುಗಿ, ಹಿಂದಿನ ಕಪ್ಪು ಬೇಕಲೈಟ್ ಮುಚ್ಚಳ ಸೀಳುತ್ತದೆ. ಆಮೇಲೆ ಸೊಲೆನಾಯ್ಡೇ ಹೊಸದು ಹಾಕಬೇಕು.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡ. ಸ್ಕ್ರೂಡ್ರೈವರ್ ಇಡುವಾಗ ಗೇರ್ ನ್ಯೂಟ್ರಲ್ ಇತ್ತಾ, ಹ್ಯಾಂಡ್‌ಬ್ರೇಕ್ ಎಳೆದಿತ್ತಾ? ಡೀಸೆಲ್ ಎಂಜಿನ್ ಹತ್ತುವುದಕ್ಕೆ ಕಿಡಿ ಬೇಡ. ಪೈಪಿನಲ್ಲಿ ಎಣ್ಣೆ ಇದ್ದರೆ ಕೀ ಆಫ್ ಇದ್ದರೂ ಹತ್ತುತ್ತದೆ. ಗೇರಿನಲ್ಲಿದ್ದರೆ ನಿನ್ನ ಮೇಲೇ ಬರುತ್ತದೆ. ಎರಡು ದಪ್ಪ ಬೋಲ್ಟನ್ನು ಮಾತ್ರ ಸ್ಕ್ರೂಡ್ರೈವರಿನಿಂದ ಎಂದೂ ಸೇರಿಸಬೇಡ. ಅಲ್ಲಿ ಹರಿಯುವುದು ಮೋಟರಿನ ಪೂರ್ತಿ ಕರೆಂಟು, ಸ್ಕ್ರೂಡ್ರೈವರ್ ಕರಗಿ ಅಂಟಿಕೊಳ್ಳುತ್ತದೆ.

ಹೊಸನಗರದ ಜೀಪು | ಶನಿವಾರ, ರಾತ್ರಿ 11:02

ಮಾವ, ನ್ಯೂಟ್ರಲ್ ಇತ್ತು. ಚಕ್ರಕ್ಕೆ ಕಲ್ಲು ಇಟ್ಟಿದ್ದೆ. ಆದರೆ ಹ್ಯಾಂಡ್‌ಬ್ರೇಕ್ ಕೇಬಲ್ ಇನ್ನೂ ಹಾಕಿಲ್ಲ. ಇನ್ನು ಹಾಗೆ ಮಾಡುವುದಿಲ್ಲ.

ನೀವು ಹೇಳಿದ್ದು ಕೂಡಲೇ ಅರ್ಥವಾಯಿತು. ಒಂದಕ್ಕೆ ಒಂದು ಅಂತಲೇ ಹಾಕಿದ್ದು. ಬೆಳಗ್ಗೆ ಸರಿ ಮಾಡುತ್ತೇನೆ.

ಹೊಸನಗರದ ಜೀಪು | ಭಾನುವಾರ, ಬೆಳಗ್ಗೆ 7:50

ಲೈಟು ಬಂತು! ಹಾರನ್ ಹೊಡೆದದ್ದಕ್ಕೆ ನಾಯಿ ಎದ್ದು ಓಡಿತು. ಆಂಪ್ ಮೀಟರ್ ಮುಳ್ಳೂ ಅಲ್ಲಾಡುತ್ತಿದೆ. ಮಾವ, ತುಂಬಾ ಉಪಕಾರ ಆಯಿತು.

ಆದರೆ ಇನ್ನೂ ಮುಗಿದಿಲ್ಲ. ಡೀಸೆಲ್ ಪೈಪ್ ಜೋಡಿಸಿ, ಗಾಳಿ ತೆಗೆದು, ಎಂಜಿನ್ ಒಳಗಿನ ಹೀಟರ್ ಬಿಸಿ ಮಾಡಿ ಕೀ ತಿರುಗಿಸಿದರೆ ಟಕ್ ಅಂತ ಒಂದು ಸದ್ದು, ಆಮೇಲೆ ಎಂಜಿನ್ ತೂಕಡಿಸಿದ ಹಾಗೆ ತಿರುಗುತ್ತದೆ. ಹತ್ತುವಷ್ಟು ವೇಗ ಬರುತ್ತಿಲ್ಲ. ನಾಲ್ಕೈದು ಸಲ ಮಾಡಿದೆ. ಐದನೇ ಸಲಕ್ಕೆ ಎಂಜಿನ್ ಆಫ್ ಮಾಡುವುದಕ್ಕೆ ಎಳೆಯುವ ಸ್ಟಾಪ್ ಕೇಬಲಿನ ಹತ್ತಿರ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಮುಟ್ಟಿದರೆ ಕೈ ಸುಡುತ್ತದೆ. ಅದರಲ್ಲಿ ಕರೆಂಟೇ ಇಲ್ಲವಲ್ಲ, ಅದು ಯಾಕೆ ಬಿಸಿ?

ಬೈಪಾಸ್ ರೋಡ್ | ಭಾನುವಾರ, ಬೆಳಗ್ಗೆ 8:05

ನಾನು ಹೇಳಿದ ಹಾಗೆ ಬ್ಯಾಟರಿ ಇರಬಹುದು ಈಗ. ಪಕ್ಕದ ಮನೆಯ ಟ್ರ್ಯಾಕ್ಟರ್ ಬ್ಯಾಟರಿ ಹಾಕಿ ನೋಡಿ.

ತೀರ್ಥಹಳ್ಳಿ ಅಕ್ಕ | ಭಾನುವಾರ, ಬೆಳಗ್ಗೆ 8:11

ಬೇಡ! ಟ್ರ್ಯಾಕ್ಟರ್ ಬ್ಯಾಟರಿ ಹಾಕಿದರೆ ಆ ಕೇಬಲ್ ಕೆಂಪಗೆ ಕಾಯುತ್ತದೆ. ತಮ್ಮಾ, ಇನ್ನೊಮ್ಮೆ ಸೆಲ್ಫ್ ಹೊಡೆಯಬೇಡ. ಎಂಜಿನ್ನಿನಿಂದ ಚಾಸಿಗೆ ಬರುವ ಜಡೆ ಅರ್ತ್ ಹಾಕಿದ್ದೀಯಾ?

ವೈರಿಂಗ್ ಮಾವ | ಭಾನುವಾರ, ಬೆಳಗ್ಗೆ 8:30

ಅಕ್ಕ ಸರಿಯಾಗಿ ಹಿಡಿದಿದ್ದಾರೆ. ನಿನ್ನೆ ನೀನು ಸ್ವಲ್ಪ ನಿಧಾನ ಅಂತ ಬರೆದಿದ್ದೆ. ನಾನು ಕಂದು ವೈರಿನ ಹಿಂದೆ ಬಿದ್ದು ಆ ಮಾತನ್ನು ಬಿಟ್ಟುಬಿಟ್ಟೆ, ತಪ್ಪು ನನ್ನದು. ನಿನ್ನೆಯೇ ಕೇಳಬೇಕಿತ್ತು.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿನ ಮೇಲೆ. ರಬ್ಬರ್ ಕರೆಂಟು ಬಿಡುವುದಿಲ್ಲ. ಸೆಲ್ಫ್ ಮೋಟರಿಗೆ ಹೋದ ಕರೆಂಟು ಬ್ಯಾಟರಿಗೆ ವಾಪಸು ಬರಬೇಕಾದರೆ ಮೋಟರ್ ಬಾಡಿಯಿಂದ ಎಂಜಿನ್, ಎಂಜಿನ್ನಿನಿಂದ ಜಡೆ ಅರ್ತ್, ಅಲ್ಲಿಂದ ಚಾಸಿ, ಚಾಸಿಯಿಂದ ನೆಗೆಟಿವ್ ಕೇಬಲ್. ಜಡೆ ಅರ್ತ್ ಕೆಟ್ಟರೆ ಅದು ಬೇರೆ ದಾರಿ ಹುಡುಕುತ್ತದೆ. ಎಂಜಿನ್ನಿಗೂ ಬಾಡಿಗೂ ಸೇರಿರುವ ಕಬ್ಬಿಣ ಅಂದರೆ ಸ್ಟಾಪ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಇಂಥವೇ. ಸೈಕಲ್ ಬ್ರೇಕಿನಷ್ಟು ದಪ್ಪದ ತಂತಿಯಲ್ಲಿ ಸೆಲ್ಫ್ ಮೋಟರಿನ ಕರೆಂಟು ಹೋದರೆ ಸುಡದೆ ಏನಾಗುತ್ತದೆ?

ಜಡೆ ಅರ್ತ್ ಹಾಕಿದ್ದೀಯಾ, ಹಾಕಿದ್ದರೆ ಎಲ್ಲಿ ಹಾಕಿದ್ದೀಯ, ಹೇಳು.

ಹೊಸನಗರದ ಜೀಪು | ಭಾನುವಾರ, ಬೆಳಗ್ಗೆ 8:41

ಹಾಕಿದ್ದೇನೆ ಮಾವ, ಬೋಲ್ಟು ಗಟ್ಟಿ ಇದೆ. ಚಾಸಿಯ ಹಳೆ ತೂತಿಗೇ ಹಾಕಿದ್ದು. ಬಣ್ಣ ಹೊಡೆದ ಮೇಲೆ.

ಸಾಗರದ ಮೇಷ್ಟ್ರು | ಭಾನುವಾರ, ಬೆಳಗ್ಗೆ 9:15

ಬಣ್ಣ ಹೊಡೆದ ಮೇಲೆ ಅಂದಿರಲ್ಲ, ಅಲ್ಲೇ ಇದೆ. ಆದರೂ ಬಿಚ್ಚುವ ಮೊದಲು ಒಂದು ಸಲ ಅಳೆಯಿರಿ. ಅಳೆದರೆ ಊಹೆ ಬೇಕಾಗುವುದಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು, ಈ ಲೆಕ್ಕ ನನಗೆ ಬಹಳ ಇಷ್ಟ.

ಡೀಸೆಲ್ ಎಂಜಿನ್ ತಿರುಗಿಸುವಾಗ ಸೆಲ್ಫ್ ಮೋಟರ್ 200 ಆಂಪ್ ಸುಲಭವಾಗಿ ಎಳೆಯುತ್ತದೆ. ಮನೆಯ ಇಡೀ ಕರೆಂಟಿಗೆ 32 ಆಂಪಿನ ಎಂಸಿಬಿ ಹಾಕಿರುತ್ತಾರೆ, ಅದರ ಆರು ಪಟ್ಟು. ಇಷ್ಟು ಕರೆಂಟಿನ ದಾರಿಯಲ್ಲಿ ಬರೀ 0.01 ಓಮ್ ತಡೆ ಇದ್ದರೂ 200 ಗುಣಿಸು 0.01, ಅಂದರೆ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. 0.01 ಓಮನ್ನು ನಿಮ್ಮ ಮೀಟರಿನ ಓಮ್ ಮೋಡು ತೋರಿಸುವುದೇ ಇಲ್ಲ, ಬೀಪ್ ಅಂದು ಸರಿ ಇದೆ ಅನ್ನುತ್ತದೆ. ಹಾಗಾಗಿ ಕರೆಂಟು ಹರಿಯುವಾಗಲೇ ವೋಲ್ಟ್ ನೋಡಬೇಕು.

ಸ್ಟಾಪ್ ಕೇಬಲನ್ನು ಡೀಸೆಲ್ ಪಂಪಿನ ಕಡೆ ಬಿಚ್ಚಿ ದೂರ ಕಟ್ಟಿ. ಪಂಪಿನ ಸ್ಟಾಪ್ ಲಿವರನ್ನು ನಿಲ್ಲಿಸುವ ಸ್ಥಾನದಲ್ಲಿ ಇನ್ಸುಲೇಷನ್ ಟೇಪಿನಿಂದ ಕಟ್ಟಿ, ಎಂಜಿನ್ ಹತ್ತಬಾರದು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಕ್ಲಾಂಪಿಗಲ್ಲ, ಕಂಬಕ್ಕೇ. ಇನ್ನೊಂದು ಎಂಜಿನ್ ಬ್ಲಾಕಿನ ಬಣ್ಣ ಇಲ್ಲದ ಜಾಗಕ್ಕೆ. ಮೂರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟ್ ದಾಟಬಾರದು. ಆಮೇಲೆ ಪಾಸಿಟಿವ್ ಕಂಬಕ್ಕೂ ಮೋಟರಿನ ಬ್ಯಾಟರಿ ಬೋಲ್ಟಿಗೂ ಹೀಗೆಯೇ. ಕೊನೆಗೆ ಬ್ಯಾಟರಿಯ ಎರಡು ಕಂಬದ ನಡುವೆ. ಮೂರೂ ಸಂಖ್ಯೆ ಇಲ್ಲಿ ಬರೆಯಿರಿ.

ಹೊಸನಗರದ ಜೀಪು | ಭಾನುವಾರ, ಬೆಳಗ್ಗೆ 10:20

ಸರ್, ಬರೆದುಕೊಂಡೆ. ನೆಗೆಟಿವ್ ಕಂಬದಿಂದ ಎಂಜಿನ್ ಬ್ಲಾಕಿಗೆ 3.1 ವೋಲ್ಟ್. ಪಾಸಿಟಿವ್ ಕಂಬದಿಂದ ಬೋಲ್ಟಿಗೆ 0.3. ಬ್ಯಾಟರಿಯ ಎರಡು ಕಂಬದ ನಡುವೆ 10.9.

ಸಾಗರದ ಮೇಷ್ಟ್ರು | ಭಾನುವಾರ, ಬೆಳಗ್ಗೆ 10:28

ನೋಡಿ ಎಷ್ಟು ಚಂದ ಹೊಂದುತ್ತದೆ. 10.9ರಲ್ಲಿ 3.1 ಅರ್ತಿನಲ್ಲೇ ಹೋಯಿತು, 0.3 ಕೇಬಲಿನಲ್ಲಿ ಹೋಯಿತು. ಮೋಟರಿಗೆ ಸಿಕ್ಕಿದ್ದು 7.5 ವೋಲ್ಟ್. ಬ್ಯಾಟರಿಯೂ ಸರಿ ಇದೆ, ಮೋಟರೂ ಸರಿ ಇದೆ, ದಪ್ಪ ಕೇಬಲೂ ಸರಿ ಇದೆ. ಬಿಚ್ಚಬೇಕಾದದ್ದು ಒಂದೇ ಬೋಲ್ಟು.

ವೈರಿಂಗ್ ಮಾವ | ಭಾನುವಾರ, ಬೆಳಗ್ಗೆ 10:35

ಜಡೆ ಅರ್ತಿನ ಎರಡೂ ತುದಿ ಬಿಚ್ಚು. ಚಾಸಿಯ ಆ ತೂತಿನ ಸುತ್ತ ಲಗ್ಗಿನಷ್ಟು ಅಗಲ ಬಣ್ಣ ಕೆರೆ. ಹೊಳೆಯುವ ಕಬ್ಬಿಣ ಕಾಣಬೇಕು. ಲಗ್ಗಿನ ಮುಖಕ್ಕೂ ಮರಳು ಕಾಗದ ಹಾಕು, ಅಲ್ಲಿ ಹಸಿರು ಕಿಲುಬು ಇದ್ದೇ ಇರುತ್ತದೆ. ಬ್ಯಾಟರಿಯ ನೆಗೆಟಿವ್ ಕೇಬಲ್ ಚಾಸಿಗೆ ಸೇರುವ ಜಾಗವನ್ನೂ ಹೀಗೆಯೇ ಮಾಡು, ಅಲ್ಲೂ ನೀವು ಬಣ್ಣ ಹೊಡೆದಿರುತ್ತೀರಿ. ಗೇರ್‌ಬಾಕ್ಸಿನ ಬೆಲ್ ಹೌಸಿಂಗಿಗೆ ಸೆಲ್ಫ್ ಮೋಟರ್ ಕೂರುವ ಮುಖದಲ್ಲಿ ಬಣ್ಣ ಇದ್ದರೆ ಅದನ್ನೂ ತೆಗೆ. ಮೋಟರಿಗೆ ಅರ್ತ್ ಸಿಗುವುದು ಆ ಮುಖದಿಂದಲೇ.

ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್ ದಪ್ಪಗೆ ಹಚ್ಚು. ಮೊದಲೇ ಹಚ್ಚಬೇಡ, ಬಿಗಿ ಮಾಡಿದ ಮೇಲೆ. ನಮ್ಮ ಕಡೆಯ ಮಳೆಗೆ ಕೆರೆದ ಕಬ್ಬಿಣ ಎಂಟು ದಿನಕ್ಕೆ ಕೆಂಪಾಗುತ್ತದೆ. ಬಯಲುಸೀಮೆಯ ಗಾಡಿಯಲ್ಲಿ ಹತ್ತು ವರ್ಷ ಬರುವ ಅರ್ತ್ ಆಗುಂಬೆ ಕಡೆಯ ಗಾಡಿಯಲ್ಲಿ ಮೂರು ವರ್ಷಕ್ಕೆ ಪುಡಿಯಾಗಿದ್ದನ್ನು ನೋಡಿದ್ದೇನೆ.

ಹೊಸನಗರದ ಜೀಪು | ಭಾನುವಾರ, ಮಧ್ಯಾಹ್ನ 1:10

ಹತ್ತಿತು!!! ಎರಡನೇ ಸೆಲ್ಫಿಗೇ. ಅಜ್ಜಿ ಜಗಲಿಗೆ ಬಂದು ನಿಂತು ನೋಡಿದರು. ಚಿಕ್ಕಪ್ಪನಿಗೆ ಫೋನ್ ಮಾಡಿ ಸದ್ದು ಕೇಳಿಸಿದೆ.

ಅಳೆದದ್ದು ಹೇಳುತ್ತೇನೆ. ನೆಗೆಟಿವ್ ಕಂಬದಿಂದ ಬ್ಲಾಕಿಗೆ ಈಗ 0.2. ಬೋಲ್ಟಿನ ಕಡೆ ಅದೇ 0.3. ಆದರೆ ಬ್ಯಾಟರಿ ಕಂಬದ ನಡುವೆ 10.4 ಆಗಿದೆ, ಮೊದಲು 10.9 ಇತ್ತು. ಸರಿ ಮಾಡಿದ ಮೇಲೆ ಕಮ್ಮಿ ಆಯಿತಲ್ಲ, ಇದು ತೊಂದರೆಯಾ?

ಸಾಗರದ ಮೇಷ್ಟ್ರು | ಭಾನುವಾರ, ಮಧ್ಯಾಹ್ನ 1:25

ತೊಂದರೆ ಅಲ್ಲ. ದಾರಿ ತೆರೆದುಕೊಂಡಿತು, ಮೋಟರ್ ಜಾಸ್ತಿ ಕರೆಂಟು ಎಳೆಯುತ್ತಿದೆ, ಹಾಗಾಗಿ ಬ್ಯಾಟರಿ ಸ್ವಲ್ಪ ಜಾಸ್ತಿ ಬಾಗುತ್ತದೆ. ಮೋಟರಿಗೆ ಸಿಗುವುದನ್ನು ನೋಡಿ. ಆಗ 7.5, ಈಗ 9.9. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6ಕ್ಕಿಂತ ಕೆಳಗೆ ಹೋದರೆ ಮಾತ್ರ ಯೋಚನೆ ಮಾಡಿ.

ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ನಡುವೆ ಅರ್ಧ ನಿಮಿಷ ಬಿಡಿ. 1912ರ ಕ್ಯಾಡಿಲ್ಯಾಕ್ ಕಾರಿಗೆ ಚಾರ್ಲ್ಸ್ ಕೆಟ್ಟರಿಂಗ್ ಎಲೆಕ್ಟ್ರಿಕ್ ಸೆಲ್ಫ್ ಮಾಡಿಕೊಟ್ಟಾಗಿನಿಂದ ಇದರ ಗುಟ್ಟು ಒಂದೇ. ಸಣ್ಣ ಮೋಟರಿನಿಂದ ಬಹಳ ಶಕ್ತಿ ತೆಗೆಯಬಹುದು, ಆದರೆ ಸ್ವಲ್ಪ ಹೊತ್ತು ಮಾತ್ರ. ಜಾಸ್ತಿ ಹೊತ್ತು ತೆಗೆದರೆ ಸುಡುತ್ತದೆ. ಹ್ಯಾಂಡಲ್ ಹೊಡೆದು ಕೈ ಮುರಿದುಕೊಂಡವರ ಕಾಲ ಅದರಿಂದ ಮುಗಿಯುತ್ತಾ ಬಂತು. ನಮ್ಮ ತಂದೆಯ ಕಾಲದ ಲಾರಿಗಳಿಗೂ ಹ್ಯಾಂಡಲ್ ಇತ್ತು, ಅದು ತಿರುಗಿ ಹೊಡೆದದ್ದನ್ನು ಕಣ್ಣಾರೆ ನೋಡಿದ್ದೇನೆ.

ಕೊಪ್ಪದ 800 | ಭಾನುವಾರ, ಮಧ್ಯಾಹ್ನ 2:00

ಬಹಳ ಖುಷಿಯಾಯಿತು. ಓದುತ್ತಿರುವ ಬೇರೆಯವರಿಗೆ ಒಂದು ಉಪಾಯ. ವೈರು ಎಲ್ಲಾ ಹಾಕಿದ ಮೇಲೆ ಬ್ಯಾಟರಿ ನೆಗೆಟಿವ್ ಕಂಬಕ್ಕೂ ನೆಗೆಟಿವ್ ಕೇಬಲಿಗೂ ನಡುವೆ 21 ವಾಟಿನ ಬ್ರೇಕ್ ಲೈಟ್ ಬಲ್ಬು ಹಿಡಿಯಿರಿ. ಕೀ ಆಫ್ ಇದ್ದು ಬಲ್ಬು ಪೂರ್ತಿ ಉರಿದರೆ ಎಲ್ಲೋ ಶಾರ್ಟ್ ಇದೆ, ಕ್ಲಾಂಪ್ ಹಾಕಬೇಡಿ. ನನ್ನ ತಪ್ಪನ್ನು ಇದು ಮೊದಲೇ ಹಿಡಿಯುತ್ತಿತ್ತು.

ವೈರಿಂಗ್ ಮಾವ | ಭಾನುವಾರ, ಮಧ್ಯಾಹ್ನ 2:20

ಒಳ್ಳೆಯ ಉಪಾಯ, ನಾನೂ ಮಾಡುತ್ತೇನೆ. ಆದರೆ ಈ ಹುಡುಗನ ತಪ್ಪನ್ನು ಆ ಬಲ್ಬು ಹಿಡಿಯುತ್ತಿರಲಿಲ್ಲ. ಇಲ್ಲಿ ಶಾರ್ಟ್ ಇರಲಿಲ್ಲ, ಬ್ಯಾಟರಿಯಿಂದ ಗಾಡಿಗೆ ದಾರಿಯೇ ಇರಲಿಲ್ಲ. ಬಲ್ಬು ಉರಿಯಲಿಲ್ಲ ಅಂತ ಎಲ್ಲಾ ಸರಿ ಅಂದುಕೊಳ್ಳಬಾರದು.

ತಮ್ಮಾ, ಸಮಯ ಸಿಕ್ಕಾಗ ಸೆಲ್ಫಿಗೆ ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಬಿಡುವ ಸ್ವಿಚ್ಚು, ಹಾಕಿಸು. ಸೊಲೆನಾಯ್ಡ್ ಎಳೆಯುವ ಮೊದಲ ಕ್ಷಣದಲ್ಲಿ ಸಣ್ಣ ವೈರಿನಲ್ಲೂ 30 ಆಂಪ್ ಹತ್ತಿರ ಹೋಗುತ್ತದೆ. ಹಳೆ ಕೀ ಸ್ವಿಚ್ಚಿನ ಒಳಗಿನ ಪಾಯಿಂಟ್ ಅದರಿಂದಲೇ ಸುಡುವುದು. ರಿಲೇಯ 30 ನಂಬರಿನ ಟರ್ಮಿನಲಿಗೆ ಬ್ಯಾಟರಿ ಬೋಲ್ಟಿನಿಂದ ಫ್ಯೂಸ್ ಹಾಕಿ ಕೊಡು, 87ರಿಂದ ಸೊಲೆನಾಯ್ಡಿನ ಸಣ್ಣ ಟರ್ಮಿನಲಿಗೆ, 86ಕ್ಕೆ ಕೀಯಿಂದ ಬರುವ ವೈರು, 85 ಅರ್ತ್.

ತೀರ್ಥಹಳ್ಳಿ ಅಕ್ಕ | ಭಾನುವಾರ, ಮಧ್ಯಾಹ್ನ 2:45

ಮಾವ, ಇದೊಂದರಲ್ಲಿ ನಾನು ಒಪ್ಪುವುದಿಲ್ಲ. ನಮ್ಮ ತೋಟದ ಕಡೆ ರಿಲೇ ಅಂದರೆ ಇನ್ನೂ ನಾಲ್ಕು ಜಾಯಿಂಟು, ನಾಲ್ಕು ಕಡೆ ಕಿಲುಬು. ಅಪ್ಪನ ಅಂಬಾಸಿಡರನ್ನು ನಾನು ಪೂರ್ತಿ ಬಿಚ್ಚಿ ಜೋಡಿಸಿದೆ. ರಿಲೇ ಹಾಕಲಿಲ್ಲ. ಒಳ್ಳೆಯ ಕೀ ಸ್ವಿಚ್ಚು, ಒಳ್ಳೆಯ ವೈರು ಹಾಕಿದೆ. ಆರು ಮಳೆಗಾಲ ಆಯಿತು, ಒಂದು ಸಲವೂ ಕೈ ಕೊಟ್ಟಿಲ್ಲ.

ವೈರಿಂಗ್ ಮಾವ | ಭಾನುವಾರ, ಮಧ್ಯಾಹ್ನ 3:05

ಅಕ್ಕ, ರಿಲೇಯನ್ನು ಬಾನೆಟ್ ಒಳಗೆ ಹಾಕಿದರೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ಡ್ಯಾಶ್‌ಬೋರ್ಡಿನ ಹಿಂದೆ, ಬಾಯಿ ಕೆಳಗೆ ಮಾಡಿ ಕೂರಿಸಿದರೆ ನೀರು ನಿಲ್ಲುವುದಿಲ್ಲ. ಹೊಸ ಕೀ ಸ್ವಿಚ್ಚು ಇದ್ದರೆ ರಿಲೇ ಇಲ್ಲದೆಯೂ ನಡೆಯುತ್ತದೆ. ಹುಡುಗನ ಕೀ ಅಜ್ಜಯ್ಯನ ಕಾಲದ್ದು, ಅದಕ್ಕೇ ಹೇಳಿದೆ.

ತೀರ್ಥಹಳ್ಳಿ ಅಕ್ಕ | ಭಾನುವಾರ, ಮಧ್ಯಾಹ್ನ 3:12

ಅದು ಒಪ್ಪಿದೆ.

ತಮ್ಮಾ, ಮುಂದಿನ ಸಲ ಬಿಚ್ಚುವಾಗ ಫೋಟೋ ಒಂದನ್ನೇ ನಂಬಬೇಡ. ಫೋಟೋದಲ್ಲಿ ಮೇಲೆ ಕೆಳಗೆ ತಿರುಗಿದರೆ ಗೊತ್ತಾಗುವುದಿಲ್ಲ, ನಿನಗೇ ಆಯಿತಲ್ಲ. ನಾನು ಒಂದೇ ಬೋಲ್ಟಿನ ಎಲ್ಲಾ ವೈರನ್ನು ಬಿಚ್ಚಿದ ಕೂಡಲೇ ಒಟ್ಟಿಗೆ ಸೇರಿಸಿ ದಾರದಿಂದ ಕಟ್ಟುತ್ತೇನೆ, ಆ ಬೋಲ್ಟಿನ ನಟ್ಟು, ವಾಷರನ್ನೂ ಅದೇ ದಾರಕ್ಕೆ ಪೋಣಿಸಿಬಿಡುತ್ತೇನೆ. ಕಾಗದದ ಚೀಟಿ ಆಯಿಲ್ ಬಿದ್ದು ಅಳಿಸುತ್ತದೆ, ದಾರ ಅಳಿಸುವುದಿಲ್ಲ. ನಿನ್ನ ಕಂದು ವೈರು ಬ್ಯಾಟರಿ ಕೇಬಲಿನ ಜೊತೆ ಕಟ್ಟಿಕೊಂಡಿದ್ದರೆ ಬೇರೆ ಕಡೆ ಹೋಗುತ್ತಲೇ ಇರಲಿಲ್ಲ.

ಮಂಡಗದ್ದೆ | ಭಾನುವಾರ, ಸಂಜೆ 6:30

ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ನಾನು ಜೋಡಿಸುತ್ತಿರುವುದು ಹಳೆಯ ಪೆಟ್ರೋಲ್ ಕಾರು. ಅದರ ಸೊಲೆನಾಯ್ಡಿನಲ್ಲಿ ಸಣ್ಣ ಟರ್ಮಿನಲ್ ಒಂದಲ್ಲ, ಎರಡಿವೆ. ಎರಡರಲ್ಲಿ ಯಾವುದಕ್ಕೆ ಕೀ ವೈರು?

ವೈರಿಂಗ್ ಮಾವ | ಭಾನುವಾರ, ಸಂಜೆ 7:10

ಕಿಡಿ ಕೊಡುವ ಇಗ್ನಿಷನ್ ಕಾಯಿಲಿಗೆ ಬಲಾಸ್ಟ್ ರೆಸಿಸ್ಟರ್, ಅಂದರೆ ಕರೆಂಟು ತಗ್ಗಿಸುವ ತಡೆ, ಇರುವ ಗಾಡಿಗಳಲ್ಲಿ ಹಾಗೆ ಇರುತ್ತದೆ. ಒಂದು ಕೀಯಿಂದ ಬರುವುದು. ಇನ್ನೊಂದು ಹೊರಗೆ ಹೋಗುವುದು. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಬಾಗುತ್ತದಲ್ಲ, ಆ ಹೊತ್ತಿಗೆ ಮಾತ್ರ ರೆಸಿಸ್ಟರ್ ತಪ್ಪಿಸಿ ಕಾಯಿಲಿಗೆ ನೇರ ಕರೆಂಟು ಕೊಡುತ್ತದೆ. ಎರಡನ್ನು ಅದಲುಬದಲು ಮಾಡಬೇಡಿ, ಕೀ ಆನ್ ಮಾಡಿದ ಕೂಡಲೇ ಕಾಯಿಲಿನ ಕಡೆಯ ಕರೆಂಟು ಸೊಲೆನಾಯ್ಡಿಗೆ ಬರುತ್ತದೆ. ಎಲ್ಲಾ ವೈರು ಬಿಚ್ಚಿ ಮೀಟರ್ ಇಡಿ. ಬಾಡಿಗೆ ಒಂದು ಓಮ್ ಆಸುಪಾಸು ತೋರಿಸುವುದು ಕೀಯದು. ಏನೂ ತೋರಿಸದೆ ಖಾಲಿ ಇರುವುದು ಕಾಯಿಲಿಗೆ ಹೋಗುವುದು.

ಹೊಸನಗರದ ಜೀಪು | ಸೋಮವಾರ, ರಾತ್ರಿ 9:00

ಶಿವಮೊಗ್ಗಕ್ಕೆ ಹೋಗಿ ಬಂದೆವು. ಅಜ್ಜಿಗೆ ಬಿಪಿ ಮಾತ್ರೆ ಬದಲು ಮಾಡಿದ್ದಾರೆ, ಬೇರೆ ಏನೂ ಇಲ್ಲ ಅಂದರು. ಬೆಳಗ್ಗೆ ಎರಡನೇ ಹಳ್ಳದಲ್ಲಿ ನೀರು ಜಾಸ್ತಿ ಇತ್ತು. ನಡುವೆ ಒಮ್ಮೆ ಎಂಜಿನ್ ನಿಂತುಹೋಯಿತು. ಎದೆ ಧಸಕ್ ಅಂತು. ಸೆಲ್ಫ್ ಹೊಡೆದೆ, ಒಂದೇ ಸಲಕ್ಕೆ ಹತ್ತಿತು. ಮಾವ, ಅಕ್ಕ, ಸರ್, ಆ ಹೊತ್ತಿನಲ್ಲಿ ನಿಮ್ಮನ್ನೆಲ್ಲಾ ನೆನೆಸಿಕೊಂಡೆ.

ವೈರಿಂಗ್ ಮಾವ | ಸೋಮವಾರ, ರಾತ್ರಿ 9:20

ಕೇಳಿ ಸಂತೋಷವಾಯಿತು. ಅಜ್ಜಿಯ ಆರೋಗ್ಯ ನೋಡಿಕೋ.

ಬ್ಯಾಟರಿ ಬೋಲ್ಟಿನ ಮೇಲೆ ರಬ್ಬರ್ ಕ್ಯಾಪ್ ಇದೆಯಾ? ಆ ಬೋಲ್ಟಿಗೂ ಬ್ಯಾಟರಿಗೂ ನಡುವೆ ಫ್ಯೂಸ್ ಇಲ್ಲ. ಒಂದು ಸ್ಪಾನರ್ ಬಿದ್ದು ಚಾಸಿಗೆ ಮುಟ್ಟಿದರೂ ಬೆಂಕಿ. ಕೇಬಲ್ ಚಾಸಿಯ ಅಂಚಿಗೆ ಉಜ್ಜುವ ಜಾಗದಲ್ಲೂ ಸ್ಲೀವ್ ಇರಬೇಕು.

ಹೊಸನಗರದ ಜೀಪು | ಸೋಮವಾರ, ರಾತ್ರಿ 9:32

ಕೇಬಲಿಗೆ ಸ್ಲೀವ್ ಹಾಕಿ ಕ್ಲಿಪ್ ಬಿಗಿದಿದ್ದೇನೆ ಮಾವ. ಹಳೆ ಕ್ಯಾಪ್ ಪುಡಿಯಾಗಿತ್ತು. ಸೈಕಲ್ ಟ್ಯೂಬ್ ಕತ್ತರಿಸಿ ಬೋಲ್ಟಿನ ಮೇಲೆ ಕೂರಿಸಿ ಕಟ್ಟಿದ್ದೇನೆ. ಸಾಕಾ?

ವೈರಿಂಗ್ ಮಾವ | ಸೋಮವಾರ, ರಾತ್ರಿ 9:36

ನಾಲ್ಕು ದಿನಕ್ಕೆ ಸಾಕು. ಡೀಸೆಲ್, ಆಯಿಲ್ ಬಿದ್ದರೆ ಟ್ಯೂಬ್ ಉಬ್ಬಿ ಸಡಿಲವಾಗುತ್ತದೆ. ಸರಿಯಾದ ಕ್ಯಾಪ್ ತಂದು ಹಾಕು.

ಹೊಸನಗರದ ಜೀಪು | ಸೋಮವಾರ, ರಾತ್ರಿ 9:40

ಸರಿ ಮಾವ. ಮುಂದಿನ ವಾರ ಅಜ್ಜಿಯನ್ನು ಇನ್ನೊಮ್ಮೆ ಕರೆದುಕೊಂಡು ಬರುವುದಿದೆ. ಆಗ ಆಟೋ ಕಾಂಪ್ಲೆಕ್ಸಿಗೆ ಬಂದು ಕ್ಯಾಪೂ ರಿಲೇಯೂ ಎರಡೂ ತೆಗೆದುಕೊಂಡು ಹೋಗುತ್ತೇನೆ.